ಓಲೆಯ ಛಾಯಾಪ್ರತಿ ಮತ್ತು ಫಿಲ್ಮಿನ ವೇಗ: ಒಂದು ವಿಮರ್ಶೆ

ಗ್ರಂಥಸಂಪಾದನೆಯಲ್ಲಿ ಛಾಯಾಚಿತ್ರವನ್ನು ಮೂಲಪ್ರತಿಯ ಸ್ಥಾನದಲ್ಲಿಟ್ಟು ನೋಡುವ ರೂಢಿ ಬಹುಕಾಲದಿಂದ ಬೆಳೆದುಬಂದಿದೆ. ದೂರದ ಭಂಡಾರಗಳಲ್ಲಿರುವ ಓಲೆಗಳನ್ನು ಪುನಃಪುನಃ ಬಿಚ್ಚಿ ಓದುವುದು ಸಾಧ್ಯವಿಲ್ಲವಾದುದರಿಂದ ಈ ರೂಢಿ ಅನಿವಾರ್ಯವೂ ಹೌದು. ಆದರೆ ಛಾಯಾಪ್ರತಿಯಿಂದ ಪಾಠಾಂತರಗಳನ್ನು ಕೊಡುವ ಸಂಪಾದಕರು ಆ ಪ್ರತಿ ಹೇಗೆ ಸಿದ್ಧವಾಯಿತೆಂಬುದನ್ನು ಸಾಮಾನ್ಯವಾಗಿ ತಿಳಿಸುವುದಿಲ್ಲ. ಲಿಪಿಕಾರನ ದೇಶ, ಕಾಲ, ಸ್ಖಾಲಿತ್ಯಗಳನ್ನು ಕುರಿತು ಪುಟಗಟ್ಟಲೆ ಬರೆಯುವವರೂ ಫಿಲ್ಮು ಸಹ ಒಬ್ಬ ಲಿಪಿಕಾರನೆಂಬುದನ್ನು ಮರೆಯುತ್ತಾರೆ.

ಒಂದು ಪದದ ಇರವು ಇಲ್ಲದಿರವುಗಳಿಂದ ಎಷ್ಟು ದೊಡ್ಡ ಚರ್ಚೆ ಹುಟ್ಟಬಹುದೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಡಾ. ಹೀರಾಲಾಲ ಜೈನರು ಸಂಪಾದಿಸಿದ ಧವಲಾಟೀಕಾಸಹಿತ ಷಟ್ಖಂಡಾಗಮದ ಮೊದಲ ಸಂಪುಟ 1939ರಲ್ಲಿ ಹೊರಬಂದಿತು. ಅದಕ್ಕೆ ಆಧಾರವಾಗಿದ್ದುವು ಪ್ರತಿಯ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಪದ ಆ ಪ್ರತಿಗಳಲ್ಲಿರಲಿಲ್ಲ. ಇರಬೇಕೆಂದು ಸಂಪಾದಕರು ಊಹಿಸಿದರು. ಭಾವವೇದ, ದ್ರವ್ಯವೇದಗಳ ವಿಚಾರವೇ ಆ ಪದವನ್ನು ಅವಲಂಬಿಸಿದ್ದುದರಿಂದ ತೀವ್ರವಾದ ವಾದವೆದ್ದಿತು. ಮುಂದೆ ಮೂಡಬಿದಿರೆಯ ತಾಳೆಯೋಲೆಯೊಡನೆ ಒಪ್ಪಹಚ್ಚಿ ನೋಡಿದಾಗ ಪದ ಅಲ್ಲಿರುವುದು ಕಂಡುಬಂದಿತು. ಹಿಂದೆಯೇ 'ಸಂಜದಾಸಂಜದ' ಎಂದಿರುವೆಡೆಯಲ್ಲಿ ಬರೆಯುವವನ ಕಣ್ಣು ಜಾರುವುದು ಸಹಜ. ಮನುಷ್ಯನ ಕಣ್ಣು ಹೀಗೆ ಜಾರುವಂತೆ ಫಿಲ್ಮು ಸಹ ತನ್ನದೇ ಆದ ರೀತಿಯಲ್ಲಿ ಜಾರುತ್ತದೆ.

ಫಿಲ್ಮಿನ ಪೆಟ್ಟಿಗೆಯ ಮೇಲೆ 100 ಎಂದೋ 400 ಎಂದೋ ಅಚ್ಚಾಗಿರುವ ವೇಗಸಂಖ್ಯೆಯನ್ನು ಛಾಯಾಗ್ರಾಹಕರು ಆಪ್ತವಾಕ್ಯದಂತೆ ಸ್ವೀಕರಿಸುತ್ತಾರೆ. ಆದರೆ ಅದು ಒಂದು ಗೊತ್ತಾದ ಕ್ರಮದಲ್ಲಿ ತೊಳೆದಾಗ ದೊರೆತ ಅಳತೆ ಮಾತ್ರ. ಬೆಳಕಿನ ಪ್ರಮಾಣಕ್ಕೂ ನೆಗೆಟಿವಿನ ಕಪ್ಪಿಗೂ ಇರುವ ಸಂಬಂಧವನ್ನು ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬವರು 1890ರಲ್ಲಿಯೇ ರೇಖೆಯಾಗಿ ಬರೆದು ತೋರಿಸಿದರು. 1960ರಲ್ಲಿ ಅಮೆರಿಕದ ಮಾನಕವನ್ನು ಪರಿಷ್ಕರಿಸಿ, ಹೆಚ್ಚುವರಿಯಾಗಿ ಇಟ್ಟುಕೊಂಡಿದ್ದ ಬೆಳಕಿನ ಅಂಶವನ್ನು ಕಳೆದಾಗ, ಕಪ್ಪುಬಿಳುಪು ಫಿಲ್ಮುಗಳ ಸಂಖ್ಯೆ ಹೆಚ್ಚುಕಡಮೆ ಇಮ್ಮಡಿಯಾಯಿತು. ಫಿಲ್ಮು ಬದಲಾಗಲಿಲ್ಲ, ಸಂಖ್ಯೆ ಬದಲಾಯಿತು. ಆದುದರಿಂದ ಸಂಖ್ಯೆ ಒಂದು ನಯವೇ ಹೊರತು ಪ್ರಮಾಣವಲ್ಲ.

ಓಲೆಯ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಬೆಳಕಿನ ಮಾಪಕ ತಾನು ನೋಡಿದ್ದೆಲ್ಲವನ್ನೂ ನಡುಬೂದು ಬಣ್ಣವೆಂದು ಭಾವಿಸುತ್ತದೆ. ಓಲೆಯ ಕೆಳಗೆ ಕಪ್ಪು ಬಟ್ಟೆ ಹಾಸಿದರೆ ಅದು ಹೆಚ್ಚು ಬೆಳಕನ್ನೂ, ಬಿಳಿಯ ಹಾಳೆ ಹಾಸಿದರೆ ಕಡಮೆ ಬೆಳಕನ್ನೂ ಸೂಚಿಸುತ್ತದೆ. ಬೆಳಕು ಕಡಮೆಯಾದಾಗ ಕಪ್ಪಿನ ಭೇದಗಳು ಅಳಿಯುತ್ತವೆ: ಅಕ್ಷರದ ಮಸಿ, ನೀರಿನ ಕಲೆ, ಹುಳು ತಿಂದ ರಂಧ್ರ ಇವೆಲ್ಲ ಒಂದೇ ಕಪ್ಪಾಗುತ್ತವೆ. ಬೆಳಕು ಮಿತಿಮೀರಿದಾಗ ಓಲೆಯ ಹೊಳಪು ಫಿಲ್ಮಿನ ಪದರದಲ್ಲಿ ಹರಡಿ ಸಣ್ಣ ಗೆರೆಗಳನ್ನು ಅಂಚಿನಿಂದ ನುಂಗುತ್ತದೆ. ಮೊದಲು ಮಾಯವಾಗುವುದು ಸೊನ್ನೆ. ದಕ್ಷಿಣದ ಪ್ರಾಕೃತ ಪ್ರತಿಗಳಲ್ಲಿ ಸೊನ್ನೆ ಅನುಸ್ವಾರವನ್ನಲ್ಲದೆ ಕೆಲವೆಡೆ ಮುಂದಿನ ವ್ಯಂಜನದ ದ್ವಿತ್ವವನ್ನೂ ಸೂಚಿಸುವುದರಿಂದ ಈ ನಷ್ಟ ಸಾಮಾನ್ಯವಾದುದಲ್ಲ. ಒಂದು ದೋಷ ಇಲ್ಲದ ಬಿಂದುವನ್ನು ಸೃಷ್ಟಿಸಿದರೆ ಇನ್ನೊಂದು ಇರುವ ಬಿಂದುವನ್ನು ಅಳಿಸುತ್ತದೆ.

ಇದಕ್ಕೆ ಪರಿಹಾರ ಪರೀಕ್ಷೆಯೇ. ಕಟ್ಟಿನಲ್ಲಿ ಮಧ್ಯಮಸ್ಥಿತಿಯ ಒಂದು ಓಲೆಯನ್ನು ಆರಿಸಿ, ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸಿ, ಎರಡೂ ಪಾರ್ಶ್ವಗಳಿಂದ 45 ಅಂಶದ ಕೋನದಲ್ಲಿ ಸಮನಾದ ದೀಪಗಳನ್ನಿಡಬೇಕು. ಅಳತೆಯನ್ನು ಓಲೆಯಿಂದಲ್ಲದೆ ಶೇಕಡಾ 18ರಷ್ಟು ಬೆಳಕನ್ನು ಮರಳಿಸುವ ಬೂದುಹಲಗೆಯಿಂದ ತೆಗೆದುಕೊಳ್ಳಬೇಕು. ಫಿಲ್ಮಿನ ಸಂಖ್ಯೆ 100 ಇದ್ದರೆ 25, 50, 100, 200, 400 ಎಂದು ಐದು ಬಾರಿ ಎಣಿಸಿ ಐದು ಚಿತ್ರಗಳನ್ನು ತೆಗೆದು, ಪ್ರತಿಯೊಂದರ ಪಕ್ಕದಲ್ಲಿ ಸಂಖ್ಯೆಯ ಚೀಟಿಯಿಡಬೇಕು. ಓಲೆಯ ಗಾತ್ರಕ್ಕೆ ಸಮನಾದ ಬಿಂಬ ಬೇಕಾದಲ್ಲಿ ನಾಲ್ಕು ಪಟ್ಟು ಬೆಳಕು ಬೇಕೆಂಬುದನ್ನೂ, ಬೆಳಕು ಕೊಡುವ ಕಾಲ ಒಂದು ಸೆಕೆಂಡನ್ನು ಮೀರಿದರೆ ಬಹುತೇಕ ಫಿಲ್ಮುಗಳು ಲೆಕ್ಕಕ್ಕಿಂತ ಮಂದವಾಗುತ್ತವೆಂಬುದನ್ನೂ ಮರೆಯಬಾರದು. ಐದನ್ನೂ ಒಂದೇ ದ್ರಾವಣದಲ್ಲಿ, ಒಂದೇ ಉಷ್ಣತೆಯಲ್ಲಿ, ಒಂದೇ ಅವಧಿ ತೊಳೆಯಬೇಕು. ಎರಡನ್ನು ಏಕಕಾಲಕ್ಕೆ ಬದಲಿಸಿದರೆ ಫಲ ಯಾವುದರಿಂದ ಬಂದಿತೆಂಬುದು ತಿಳಿಯದು. ಅನಂತರ ನೆಗೆಟಿವುಗಳನ್ನು ಓಲೆಯೊಡನೆ ಅಕ್ಷರಾಕ್ಷರವಾಗಿ ಹೋಲಿಸಿ, ಸೊನ್ನೆಯೂ ರಂಧ್ರವೂ ಬೇರೆಬೇರೆಯಾಗಿ ಕಾಣುವ ಸಂಖ್ಯೆಯನ್ನು ಆ ಕಟ್ಟಿಗೆ ನಿಶ್ಚಯಿಸಬೇಕು. ಇಲ್ಲಿ ತೀರ್ಪು ಕೊಡಬೇಕಾದವರು ಲಿಪಿ ಬಲ್ಲವರು. ನೋಟಕ್ಕೆ ಸೊಗಸಾದ ನೆಗೆಟಿವೇ ಓದಿಗೆ ಉತ್ತಮವಾಗಿರಬೇಕೆಂದಿಲ್ಲ.

ಡಿಜಿಟಲ್ ಕ್ಯಾಮೆರಾಗಳು ಬಂದ ಮೇಲೆ ಈ ವಿಚಾರ ಅಪ್ರಸ್ತುತವೆಂಬ ಆಕ್ಷೇಪ ಏಳಬಹುದು. ಅದು ಅರ್ಧಸತ್ಯ. ಹೊಸ ಯಂತ್ರದಲ್ಲಿಯೂ ಅತಿಯಾದ ಬೆಳಕು ಗೆರೆಯನ್ನು ನುಂಗುತ್ತದೆ. ಅದಲ್ಲದೆ ಹಿಂದಿನ ದಶಕಗಳಲ್ಲಿ ತೆಗೆದ ಫಿಲ್ಮುಗಳನ್ನೇ ಇಂದು ಯಂತ್ರಕ್ಕೆ ಒಡ್ಡಿ ಡಿಜಿಟಲ್ ಪ್ರತಿ ಮಾಡಲಾಗುತ್ತಿದೆ. ಫಿಲ್ಮಿನಲ್ಲಿ ದಾಖಲಾಗದ ಸೊನ್ನೆಯನ್ನು ಯಾವ ಯಂತ್ರವೂ ಮರಳಿ ತರಲಾರದು. ಮೂಲ ಓಲೆ ಈ ನಡುವೆ ಶಿಥಿಲವಾಗಿದ್ದರೆ ಆ ನೆಗೆಟಿವೇ ಏಕಮಾತ್ರ ಸಾಕ್ಷಿ.

ಓಲೆಯನ್ನು ಕಣ್ಣಾರೆ ಕಾಣುವುದು ಸಾಂವ್ಯವಹಾರಿಕ ಪ್ರತ್ಯಕ್ಷ. ಛಾಯಾಪ್ರತಿಯಿಂದ ಓಲೆಯ ಪಾಠವನ್ನು ತಿಳಿಯುವುದು ಒಂದು ಬಗೆಯ ಅನುಮಾನ. ಅನುಮಾನಕ್ಕೆ ಹೇತು ಶುದ್ಧವಾಗಿರಬೇಕಾದುದು ನ್ಯಾಯ. ಆದುದರಿಂದ ಛಾಯಾಪ್ರತಿಯನ್ನು ಆಧರಿಸುವ ಸಂಪಾದಕರು ಪೀಠಿಕೆಯಲ್ಲಿ ಫಿಲ್ಮಿನ ಜಾತಿ, ಅನುಸರಿಸಿದ ವೇಗಸಂಖ್ಯೆ, ತೊಳೆದ ಕ್ರಮ, ಪರೀಕ್ಷೆ ನಡೆದಿದೆಯೆ ಇಲ್ಲವೆ ಎಂಬ ನಾಲ್ಕು ವಿವರಗಳನ್ನು ಕೊಡಬೇಕು. ಅವು ದೊರೆಯದಿದ್ದಲ್ಲಿ, ಸೊನ್ನೆ ಮತ್ತು ದ್ವಿತ್ವಗಳನ್ನು ಅವಲಂಬಿಸಿದ ಪಾಠಗಳನ್ನು ಸಂದಿಗ್ಧವೆಂದು ಗುರುತಿಸಿ, ಮೂಲ ಉಳಿದಿದ್ದರೆ ಅದರೊಡನೆ ಮತ್ತೊಮ್ಮೆ ಒಪ್ಪಹಚ್ಚಿದ ಬಳಿಕವೇ ನಿರ್ಣಯಕ್ಕೆ ಬರುವುದು ಯುಕ್ತ.