ಶುಕ್ರನ ಕೋಡು, ಕನ್ನಡದ ಬೆಳ್ಳಿ: ಕಾವ್ಯದ ರಾತ್ರಿಯಾಕಾಶವನ್ನು ಓದುವ ಬಗೆ

ಇಂಗ್ಲಿಷ್ ಸಾಹಿತ್ಯದಲ್ಲಿ ರಾತ್ರಿಯಾಕಾಶವು ಕೇವಲ ವರ್ಣನೆಯ ವಸ್ತುವಾಗಿ ಉಳಿಯದೆ ಅರಿವಿನ ಸಮಸ್ಯೆಯಾಗಿಯೂ ಬೆಳೆದುಬಂದಿದೆ. 1391ರ ಸುಮಾರಿಗೆ ಚಾಸರ್ ಕವಿಯು ತನ್ನ ಚಿಕ್ಕ ಮಗನಿಗಾಗಿ ಆಸ್ಟ್ರೋಲೇಬ್ ಎಂಬ ಖಗೋಳೋಪಕರಣವನ್ನು ಕುರಿತು ಗದ್ಯಗ್ರಂಥವನ್ನು ಬರೆದನು. ಕೀಟ್ಸ್ 1816ರ ಸುನೀತವೊಂದರಲ್ಲಿ ಹೋಮರನ ಅನುವಾದವನ್ನೋದಿದ ತನ್ನ ಬೆರಗನ್ನು ಹೊಸ ಗ್ರಹವೊಂದನ್ನು ಕಂಡವನ ಬೆರಗಿಗೆ ಹೋಲಿಸಿದನು. ಹರ್ಷಲನು 1781ರಲ್ಲಿ ಯುರೇನಸ್ಸನ್ನು ಗುರುತಿಸಿದ್ದನ್ನು ವಿಮರ್ಶಕರು ಇದರೊಡನೆ ಓದುತ್ತಾರೆ. ಹೀಗೆ ಅಲ್ಲಿನ ವಿಮರ್ಶೆಯು ಕವಿಯ ಆಕಾಶವನ್ನು ಓದುಗನ ಊಹೆಗೆ ಬಿಟ್ಟುಕೊಟ್ಟಿಲ್ಲ. ಕನ್ನಡದ ಆಕಾಶಕ್ಕೆ ಅಂಥ ಟಿಪ್ಪಣಿಯ ಅಗತ್ಯವುಂಟೇ ಎಂಬ ಪ್ರಶ್ನೆಯನ್ನು ಒಂದೇ ಒಂದು ಗ್ರಹವನ್ನು, ಶುಕ್ರವನ್ನು, ಆಧರಿಸಿ ಇಲ್ಲಿ ಪರಿಶೀಲಿಸಬಯಸುತ್ತೇವೆ.

ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್' (1667) ಕಾವ್ಯದ ಏಳನೆಯ ಸರ್ಗದಲ್ಲಿ ಸೃಷ್ಟಿಯ ವರ್ಣನೆ ಬರುತ್ತದೆ. ಅಲ್ಲಿ ಬೆಳಗಿನ ಗ್ರಹವು ಸೂರ್ಯನ ಬೆಳಕಿನಿಂದ ತನ್ನ ಕೋಡುಗಳಿಗೆ ಚಿನ್ನದ ಬಣ್ಣ ಬಳಿದುಕೊಳ್ಳುತ್ತದೆ. ಬರಿಗಣ್ಣಿಗೆ ಶುಕ್ರವು ಒಂದು ಬಿಂದು ಮಾತ್ರ. ಅದಕ್ಕೆ ಚಂದ್ರನಂತೆ ಕಲೆಗಳಿವೆ, ಕೆಲವೊಮ್ಮೆ ಅದು ಎಳೆವೆರೆಯಂತೆ ಕಾಣುತ್ತದೆ ಎಂಬುದನ್ನು ಗೆಲಿಲಿಯೋ 1610ರಲ್ಲಿ ದೂರದರ್ಶಕದ ಮೂಲಕ ಕಂಡನು. ವೃದ್ಧ ಗೆಲಿಲಿಯೋನನ್ನು ಇಟಲಿಯಲ್ಲಿ ಭೇಟಿಯಾದುದಾಗಿ ಮಿಲ್ಟನ್ನನೇ 1644ರ 'ಅರಿಯೋಪಜಿಟಿಕಾ'ದಲ್ಲಿ ಹೇಳಿಕೊಂಡಿದ್ದಾನೆ. ಆದರೂ ಸೂರ್ಯ ಸುತ್ತುವುದೋ ಭೂಮಿ ಸುತ್ತುವುದೋ ಎಂಬುದನ್ನು ಎಂಟನೆಯ ಸರ್ಗದಲ್ಲಿ ದೇವದೂತನು ತೀರ್ಮಾನಿಸದೆಯೇ ಬಿಡುತ್ತಾನೆ. 'ಕೋಡು' ಎಂಬ ಒಂದು ಪದದಲ್ಲಿ ಒಂದು ಯುಗದ ಸಂಶಯವೇ ಅಡಗಿದೆ. ಮಾರ್ಜರಿ ನಿಕಲ್ಸನ್ನರು 1935ರಲ್ಲಿ ಮಿಲ್ಟನ್ ಹಾಗೂ ದೂರದರ್ಶಕವನ್ನು ಕುರಿತು ಬರೆದ ಪ್ರಬಂಧವು ಇಂಥ ಓದಿಗೆ ದಾರಿ ತೋರಿತು.

ನಮ್ಮ ಹಳಗನ್ನಡ ಪರಂಪರೆಯ ಸ್ಥಿತಿ ಬೇರೆ. ಅಷ್ಟಾದಶ ವರ್ಣನೆಗಳಲ್ಲಿ ಚಂದ್ರೋದಯಕ್ಕೆ ನಿಯತವಾದ ಸ್ಥಾನವಿತ್ತು. ಗ್ರಹಗತಿಯ ಶಾಸ್ತ್ರವು ಶ್ರೀಧರಾಚಾರ್ಯನ 'ಜಾತಕತಿಲಕ'ದಂಥ (1049) ಬೇರೆ ಗ್ರಂಥಗಳಿಗೆ ಸೇರಿತ್ತು. ಇವೆರಡಕ್ಕೂ ಹೊರಗೆ ಒಕ್ಕಲುತನದ ಆಕಾಶವೊಂದಿತ್ತು. ಮಳೆಗಳಿಗೆ ರೋಹಿಣಿ, ಮೃಗಶಿರ, ಆರ್ದ್ರೆ ಎಂದು ನಕ್ಷತ್ರಗಳ ಹೆಸರಿಟ್ಟ ಜನ, ಶುಕ್ರವನ್ನು 'ಬೆಳ್ಳಿ' ಎಂದು ಕರೆದು 'ಬೆಳ್ಳಿ ಮೂಡುವ ಹೊತ್ತು' ಎಂದು ನಸುಕನ್ನು ಅಳೆದರು. ಕನ್ನಡದಲ್ಲಿ ಈ ಗ್ರಹವು ಸಂಶಯದ ವಸ್ತುವಾಗಿರಲಿಲ್ಲ, ಕಾಲದ ಗುರುತಾಗಿತ್ತು.

ನವೋದಯದ ಆಕಾಶವೆಲ್ಲ ಇಂಗ್ಲಿಷ್ ರಮ್ಯಕಾವ್ಯದ ಕೊಡುಗೆ ಎಂಬ ಮಾತು ಇಲ್ಲಿ ಮರುಪರಿಶೀಲನೆಗೆ ಅರ್ಹವಾಗುತ್ತದೆ. 'ಗರಿ' (1932) ಸಂಕಲನದಲ್ಲಿರುವ ಬೇಂದ್ರೆಯವರ 'ಹಕ್ಕಿ ಹಾರುತಿದೆ ನೋಡಿದಿರಾ' ಕವಿತೆಯನ್ನು ನೋಡಬಹುದು. ಕಾಲವೇ ಹಕ್ಕಿಯಾಗಿರುವ ಈ ಕವಿತೆಯಲ್ಲಿ ಸೂರ್ಯಚಂದ್ರರು ಅದರ ಕಣ್ಣುಗಳು. ಕೊನೆಯ ಭಾಗದಲ್ಲಿ ಅದು ಮೊದಲು ಬೆಳ್ಳಿಯ ಎಲ್ಲೆಯನ್ನು ದಾಟಿ, ಬಳಿಕ ತಿಂಗಳ ನೀರನ್ನು ಕುಡಿದು, ಮಂಗಳನ ಅಂಗಳಕ್ಕೇರುತ್ತದೆ. ಬೆಳ್ಳಿ ಇಲ್ಲಿ ಹಳ್ಳಿ, ತಿಂಗಳು ಊರು. ಪ್ರಾಸದ ಸೊಗಸನ್ನು ಬದಿಗಿಟ್ಟು ನೋಡಿದರೂ ಈ ಅನುಕ್ರಮವು ಗಮನಾರ್ಹ. ಶುಕ್ರ, ಭೂಮಿಯ ಚಂದ್ರ, ಮಂಗಳ: ಇದು ಸೂರ್ಯನಿಂದ ಹೊರಕ್ಕೆ ಸಾಗುವ ಕ್ರಮ. ಭೂಮಿಯನ್ನು ನಡುವಿರಿಸಿದ ಪ್ರಾಚೀನ ಕ್ರಮದಲ್ಲಾದರೆ ಚಂದ್ರ ಮೊದಲು, ಶುಕ್ರ ಅನಂತರ ಬರಬೇಕಿತ್ತು. ಕವಿ ಇದನ್ನು ಎಣಿಸಿಯೇ ಬರೆದರೆಂದು ನಾವು ವಾದಿಸುವುದಿಲ್ಲ. ಆದರೆ ಒಕ್ಕಲಿಗನ ಬೆಳ್ಳಿಯೂ ಆಧುನಿಕ ವಿಜ್ಞಾನದ ಶುಕ್ರವೂ ಒಂದೇ ಪದದಲ್ಲಿ ಕೂಡಿಕೊಂಡಿವೆ. ಎರವಲಿನ ಬೆರಗಿನಿಂದ ಮಾತ್ರ ಸಾಧ್ಯವಾಗುವ ಕೂಡಿಕೆ ಇದಲ್ಲ.

ಈ ಕೂಡಿಕೆ ಎಲ್ಲಿ ಕಡಿದುಹೋಗುತ್ತದೆ ಎಂಬುದು ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಕನ್ನಡ ಓದುಗರ ನಡುವೆ ಸ್ಪಷ್ಟವಾಗಿ ತಿಳಿಯುತ್ತದೆ. ಇಲ್ಲಿನ ಅನೇಕ ಕನ್ನಡ ಮನೆಗಳ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುತ್ತಾರೆ, ಬೀದಿಯಲ್ಲಿ ಮರಾಠಿಯನ್ನಾಡುತ್ತಾರೆ. ಇಂಗ್ಲಿಷ್ ಪದ್ಯದ ನಕ್ಷತ್ರಕ್ಕೆ ಅವರ ಪುಸ್ತಕದಲ್ಲಿ ಟಿಪ್ಪಣಿಯಿದೆ. ಮರಾಠಿಯ 'ಶುಕ್ರತಾರಾ' ಅವರಿಗೆ ಹಾಡಿನಿಂದ ಪರಿಚಿತ. ಕನ್ನಡದ 'ಬೆಳ್ಳಿ' ಮಾತ್ರ ಅವರಿಗೆ ಲೋಟದ, ಕಾಲ್ಗೆಜ್ಜೆಯ ಲೋಹ. ಬೇಂದ್ರೆಯವರ ಹಕ್ಕಿ ಅವರ ಓದಿನಲ್ಲಿ ಲೋಹದ ಹಳ್ಳಿಯೊಂದನ್ನು ದಾಟುತ್ತದೆ. ಆಕಾಶಯಾನದ ಮೊದಲ ಹೆಜ್ಜೆಯೇ ಕಾಣೆಯಾಗುತ್ತದೆ. ನಗರದ ಬೆಳಕು ಈ ನಷ್ಟವನ್ನು ಹೆಚ್ಚಿಸಿದೆ. ಖಗೋಳ ಮಂಡಳದಂಥ ಹವ್ಯಾಸಿ ಸಂಸ್ಥೆಯು ಆಕಾಶವೀಕ್ಷಣೆಗಾಗಿ ಆಸಕ್ತರನ್ನು ಕಲ್ಯಾಣಿನಾಚೆಯ ವಾಂಗಣಿಗೆ ಕರೆದೊಯ್ಯುತ್ತ ಬಂದಿರುವುದು ಈ ಕಾರಣದಿಂದಲೇ.

ರಸಾಸ್ವಾದಕ್ಕೆ ಗ್ರಹಜ್ಞಾನವೇಕೆ ಎಂಬ ಆಕ್ಷೇಪ ಬರಬಹುದು. ಕವಿತೆಯ ಲಯವು ಟಿಪ್ಪಣಿಯಿಲ್ಲದೆಯೂ ಮನಸ್ಸನ್ನು ಹಿಡಿಯುತ್ತದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎರಡು ಅರ್ಥಗಳ ಮೇಲೆ ನಿಂತ ಪದದ ಒಂದು ಅರ್ಥ ಸತ್ತರೆ ಅಲ್ಲಿ ಶ್ಲೇಷೆಯೇ ಉಳಿಯುವುದಿಲ್ಲ. ಸಹೃದಯನಿಗೆ ಪದದ ವಾಚ್ಯಾರ್ಥವೇ ದೊರೆಯದಿದ್ದರೆ ಧ್ವನಿ ಎಲ್ಲಿಂದ ಹುಟ್ಟಬೇಕು? ಪಂಪನ ಪದಪ್ರಯೋಗಗಳಿಗೆ ಅರ್ಥಕೋಶ ಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಇಪ್ಪತ್ತನೆಯ ಶತಮಾನದ ಕವಿತೆ ತಾನಾಗಿಯೇ ತಿಳಿಯುತ್ತದೆಂಬ ನಂಬಿಕೆಯನ್ನು, ಕರ್ನಾಟಕದ ಹೊರಗಿನ ಓದುಗರ ಮಟ್ಟಿಗಾದರೂ, ಈಗ ಕೈಬಿಡಬೇಕಾಗಿದೆ.

ಆದುದರಿಂದ ಹೊರನಾಡಿನ ಓದುಗರಿಗಾಗಿ ಸಿದ್ಧವಾಗುವ ನವೋದಯ ಕಾವ್ಯದ ಆವೃತ್ತಿಗಳಲ್ಲಿ ಬೆಳ್ಳಿ, ಚಿಕ್ಕೆ, ತಿಂಗಳು, ಮಳೆನಕ್ಷತ್ರಗಳಂಥ ಪದಗಳಿಗೆ ಪ್ರತ್ಯೇಕ ಟಿಪ್ಪಣಿಗಳಿರಬೇಕೆಂದು ನಾವು ಸೂಚಿಸುತ್ತೇವೆ. ಈ ಕೆಲಸದಲ್ಲಿ ಶುಕ್ರವೇ ಮೊದಲನೆಯದಾಗಲಿ. ಆಕಾಶಗಂಗೆ ಡೊಂಬಿವಲಿಯ ಮಾಳಿಗೆಯಿಂದ ಕಾಣದೆ ಹೋದರೂ ಬೆಳ್ಳಿ ಇನ್ನೂ ಕಾಣುತ್ತದೆ. ಸುಮಾರು 584 ದಿನಗಳ ತನ್ನ ಆವರ್ತದಲ್ಲಿ ಅದು ಕೆಲವು ತಿಂಗಳು ನಸುಕಿನಲ್ಲಿ, ಕೆಲವು ತಿಂಗಳು ಮುಸ್ಸಂಜೆಯಲ್ಲಿ, ನಗರದ ದೀಪಗಳಿಗೆ ಸೋಲದೆ ಬೆಳಗುತ್ತದೆ. ಟಿಪ್ಪಣಿಯನ್ನೋದಿದ ವಿದ್ಯಾರ್ಥಿಯು ತಲೆಯೆತ್ತಿ ಅದನ್ನು ತಾನೇ ತಾಳೆ ನೋಡಬಹುದು.