ಬಣ್ಣ ನೋಡಿದ್ದಾಯಿತು, ಇನ್ನು ನೀರು ನೋಡೋಣ

ಮಿರ್ಚಿಯನ್ನು ಬಾಂಡ್ಲಿಯಿಂದ ಎತ್ತಿದ ಕೂಡಲೇ ತಿನ್ನಬೇಕು. ನಮ್ಮ ರಾಯಚೂರು ಜಿಲ್ಲೆಯ ದೇವಸುಗೂರಾಗಲಿ ಶಕ್ತಿನಗರವಾಗಲಿ, ಒಗ್ಗರಣಿ-ಮಿರ್ಚಿ ಬಂಡಿ ಕಂಡರೆ ದಾಟಿಹೋಗಲು ನನಗೆ ಮನಸ್ಸು ಬರುವುದಿಲ್ಲ. ಶಾಲೆಯ ಗೇಟಿನ ಮುಂದೆ ಮಾರುವ ತಿನಿಸುಗಳಲ್ಲಿ ಹೆಚ್ಚು ನೆಚ್ಚಬಹುದಾದದ್ದೂ ಬಿಸಿ ಮಿರ್ಚಿಯೇ. ಕಾದ ಎಣ್ಣೆಯಲ್ಲಿ ರೋಗಾಣು ಬದುಕುವುದಿಲ್ಲ. ಅಪಾಯವಿರುವುದು ಬೆಂಕಿ ಕಾಣದ ಪದಾರ್ಥಗಳಲ್ಲಿ: ಬೆಳಿಗ್ಗೆ ರುಬ್ಬಿ ತಂದ ಚಟ್ನಿ, ಹೆಚ್ಚಿಟ್ಟ ಉಳ್ಳಾಗಡ್ಡಿ, ಪಾನಿಪುರಿಯ ನೀರು, ಗೋಲಾದ ಐಸು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಇವು ಬೇಗ ಕೆಡುತ್ತವೆ.

ಶಾಲೆ ಬಿಟ್ಟಾಗ ಪಾನಿಪುರಿ ಬಂಡಿಯ ಹತ್ತಿರ ನಿಂತು ನೋಡಿ. ಪುರಿ ಹಿಡಿದ ಕೈ ಮಣಿಕಟ್ಟಿನತನಕ ಪಾನಿಯಲ್ಲಿ ಮುಳುಗುತ್ತದೆ. ಅದೇ ಕೈ ಚಿಲ್ಲರೆ ಎಣಿಸಿ, ಹೆಗಲ ಮೇಲಿನ ವಸ್ತ್ರಕ್ಕೆ ಒರೆಸಿಕೊಂಡು, ಮತ್ತೆ ಪಾನಿಗೆ ಇಳಿಯುತ್ತದೆ. ಎಂಜಲು ತಟ್ಟೆಗಳೆಲ್ಲ ಒಂದೇ ಬಕೆಟ್ಟಿನಲ್ಲಿ ಅದ್ದಿ ಮೇಲೆ ಬರುತ್ತವೆ.

2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಹಾಗೆಯೇ ಇದ್ದವು. ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣ ಮಕ್ಕಳ ಬಾಯಿಗೆ ಹೋಗುತ್ತಿತ್ತು. ನಿಷೇಧ ಆಗಲೇಬೇಕಿತ್ತು. ಆದರೆ ಬಣ್ಣ ಕಣ್ಣಿಗೆ ಕಾಣುತ್ತದೆ, ನೀರಿನೊಳಗಿನ ರೋಗಾಣು ಕಾಣುವುದಿಲ್ಲ. ನೀರು ಕೆಟ್ಟರೆ ಏನಾಗುತ್ತದೆಂದು ರಾಯಚೂರಿನವರಿಗೆ ಹೇಳಿಕೊಡಬೇಕಿಲ್ಲ. 2022ರ ಬೇಸಿಗೆಯಲ್ಲಿ ನಗರದ ಕಲುಷಿತ ನೀರು ಕುಡಿದು ನೂರಾರು ಜನ ಆಸ್ಪತ್ರೆ ಸೇರಿದರು, ಕೆಲವರು ಜೀವವನ್ನೇ ಕಳೆದುಕೊಂಡರು.

ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಆದರೆ ಈ ನಿಯಮ ಹಿಡಿದು ಬಂಡಿಯನ್ನು ಓಡಿಸಿದರೆ ಅದು ಮುಂದಿನ ತಿರುವಿನಲ್ಲಿ ನಿಲ್ಲುತ್ತದೆ, ಮಕ್ಕಳೂ ಅಲ್ಲಿಗೇ ಹೋಗುತ್ತಾರೆ. ನೀರು ಮಾತ್ರ ಅದೇ ಬಕೆಟ್ಟಿನದು. ದಿನದ ದುಡಿಮೆಯಲ್ಲೇ ಮನೆ ನಡೆಸುವ ಬಂಡಿಯವನಿಗೆ ಕೈತೊಳೆಯಲು ನಲ್ಲಿಯೇ ಇಲ್ಲದಿದ್ದರೆ, ದಂಡ ಹಾಕಿ ಫಲವೇನು?

ಅದಕ್ಕೇ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ, ಸ್ಥಳೀಯ ಆಡಳಿತದವರಲ್ಲಿ ನನ್ನ ಕೋರಿಕೆ: ಬಂಡಿಗಳಿಗೆ ಒಂದು ಜಾಗ ಗುರುತಿಸಿ, ಅಲ್ಲೊಂದು ಶುದ್ಧ ನೀರಿನ ನಲ್ಲಿ ಹಾಕಿಸಿ. ಪಾಲಕರೇ, ಮಗುವಿನ ಕೈಗೆ ಹತ್ತು ರೂಪಾಯಿ ಕೊಡುವ ಮೊದಲು ಒಮ್ಮೆ ಬಂಡಿಯ ಹತ್ತಿರ ಹೋಗಿ, “ಅಣ್ಣಾ, ನೀರು ಎಲ್ಲಿಂದ ತಂದೀರಿ?” ಎಂದು ಕೇಳಿ. ನೇರ ಉತ್ತರ ಬಾರದಿದ್ದರೆ ಬಿಸಿ ಮಿರ್ಚಿಯನ್ನಷ್ಟೇ ಕೊಡಿಸಿ, ಚಟ್ನಿ ಬೇಡವೆನ್ನಿ.