ಅಕ್ಕೋರೂ ದಾಖಲೆ ಪುಸ್ತಕವೂ

ಶಿಕ್ಷಕಿಯರ ಬಗೆಗಿನ ಅಧ್ಯಯನಗಳನ್ನು ಓದುವಾಗ ನನಗೆ ಒಂದಿಷ್ಟು ಸಿಟ್ಟು ಬರುತ್ತದೆ. ತರಗತಿ ನೋಡಲು ಹೋದ ಎಷ್ಟೋ ಜನ ದಾಖಲೆ ಪುಸ್ತಕ ನೋಡಿ ಬಂದಿರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿನ ಕಲಿಕೆಯನ್ನು ನಿರಂತರವಾಗಿ ಗಮನಿಸಬೇಕೆಂದಿತು. ನಮ್ಮ ರಾಜ್ಯದಲ್ಲಿ ಅದು ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಾಗಿ ಶಾಲೆಗೆ ಇಳಿಯಿತು. ಹೆಸರು ಭಾರ, ಮಾತು ಸರಳ. ರೊಟ್ಟಿ ಹಂಚಿನ ಮೇಲಿದ್ದಾಗಲೇ ತಿರುವಿ ನೋಡುವುದು ಮೊದಲನೆಯದು. ತಾಟಿಗೆ ಬಿದ್ದ ಮೇಲೆ ಹೇಗಾಗಿದೆ ಎನ್ನುವುದು ಎರಡನೆಯದು. ನೋಡಿದ್ದರಿಂದ ಪಾಠವೇ ಬದಲಾಗಬೇಕು ಎಂದು ಪಾಲ್ ಬ್ಲಾಕ್, ಡಿಲನ್ ವಿಲಿಯಂ 1998ರಲ್ಲೇ ಬರೆದರು.

ಆಳಂದ, ಅಫಜಲಪುರ ಮಹಾರಾಷ್ಟ್ರದ ಅಂಚಿನವು. ಜೇವರ್ಗಿ ಭೀಮೆಯ ಕಡೆಯದು. ಇಲ್ಲಿ ಮಕ್ಕಳ ಮನೆಮಾತು ಕನ್ನಡವಿರಬಹುದು, ಮರಾಠಿ, ಉರ್ದು, ತಾಂಡಾದ ಲಂಬಾಣಿಯೂ ಇರಬಹುದು. ಸುಮ್ಮನೆ ನಿಂತ ಮಗುವಿಗೆ ಉತ್ತರ ಗೊತ್ತಿಲ್ಲವೋ, ಪ್ರಶ್ನೆಯ ಕನ್ನಡವೇ ಗೊತ್ತಿಲ್ಲವೋ? ಅದನ್ನು ಅರಿಯಬಲ್ಲವರು ಆ ಮಾತು ಬಲ್ಲ ಅಕ್ಕೋರು. ಅವರ ಅಸ್ಮಿತೆ ಎಂದರೆ ಇದೇ ಅಲ್ಲವೇ? ಅಧ್ಯಯನದ ಪ್ರಶ್ನಾವಳಿಯಲ್ಲಿ ಮಾತ್ರ ವಯಸ್ಸು, ಪದವಿ, ಸೇವಾವಧಿ! ಹೋದವರು ಮೊದಲು ಇಷ್ಟು ಕೇಳಲಿ: ನಿನ್ನೆ ಮಕ್ಕಳಿಂದ ಏನು ತಿಳಿಯಿತು, ಇವತ್ತು ಪಾಠದಲ್ಲಿ ಏನು ಬದಲಿಸಿದಿರಿ ಅಂತ. ದಾಖಲೆ ಆಮೇಲೆ ನೋಡಿದರಾಯಿತು.